ಸೂರ್ಯ ಯಾರ ಮನೆಯವನು

ಮಾನಸಾ ಸೂರ್ಯನನ್ನು ಆರಿಸಿದ್ದು ಸೋಮವಾರ ಮೂರನೇ ಪೀರಿಯಡ್ಡಿನಲ್ಲಿ. ಅದರಲ್ಲಿ ರಾಜಕೀಯವೇನೂ ಇರಲಿಲ್ಲ. ಒಂಬತ್ತನೇ ತರಗತಿಯಲ್ಲಿ ಎಲ್ಲರಿಗಿಂತ ದಪ್ಪಗಿದ್ದು, ನಿಲ್ಲಿಸಿದ ಕಡೆ ಅಲ್ಲಾಡದೆ ನಿಲ್ಲುವ ಸ್ವಭಾವದವನು ಸಿದ್ದೇಶ್ವರ; ಅವನು ಸೂರ್ಯ. ಚನ್ನರಾಯಪಟ್ಟಣದ ಓಟದ ಪಂದ್ಯದಿಂದ ಕಪ್ ತಂದವಳು ಸ್ಪಂದನಾ, ಅವಳು ಭೂಮಿ. ಇಬ್ಬರ ನಡುವೆ ಒಂದು ಬಾವಿ ಹಗ್ಗ. ಅವಳು ನೇರಕ್ಕೆ ಓಡಲು ನೋಡಬೇಕು, ಅವನು ಎಳೆದು ಹಿಡಿಯಬೇಕು. ಓಟವೂ ಎಳೆತವೂ ಸೇರಿ ದಾರಿ ದುಂಡಗಾಗಬೇಕು. ಗ್ರಹಗಳು ಸೂರ್ಯನೊಳಕ್ಕೆ ಬೀಳದೆ, ಬಿಟ್ಟೂ ಹೋಗದೆ ಸುತ್ತುವುದು ಹೀಗೆ ಎಂದು ಶನಿವಾರ ಬರುವ ಶಿಕ್ಷಣಾಧಿಕಾರಿಗಳಿಗೆ ತೋರಿಸುವುದೆಂದು ತೀರ್ಮಾನವಾಗಿತ್ತು.

ಮಾನಸಾ ದಂಡಿಗನಹಳ್ಳಿ ಹೋಬಳಿಯ ಆ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮುಂದಿನ ವರ್ಷವೂ ಅತಿಥಿಯಾಗಿ ಉಳಿಯಬೇಕಾದರೆ ಶಾಲಾ ಸಮಿತಿಯ ಅಧ್ಯಕ್ಷರೂ ಉಪಾಧ್ಯಕ್ಷರೂ ಒಂದು ಪತ್ರಕ್ಕೆ ಸಹಿ ಹಾಕಬೇಕು. ಅಧ್ಯಕ್ಷರು ತೋಟ-ಗದ್ದೆಗಳ ಯಜಮಾನ ಕೃಷ್ಣಪ್ಪನವರು, ಸ್ಪಂದನಾಳ ತಾತ. ಉಪಾಧ್ಯಕ್ಷರು ಬಸ್ ಸ್ಟಾಪಿನ ದಿನಸಿ ಅಂಗಡಿಯ ಈಶ್ವರಯ್ಯನವರು, ಸಿದ್ದೇಶ್ವರನ ತಾತ. ಸೂರ್ಯನನ್ನು ಆರಿಸುವಾಗ ಈ ಸಂಗತಿ ಅವಳಿಗೆ ಹೊಳೆದಿರಲಿಲ್ಲ. ಸಂಜೆಯೊಳಗೆ ಊರಿಗೆಲ್ಲ ಹೊಳೆದಿತ್ತು.

ಮಂಗಳವಾರ ಪ್ರಾರ್ಥನೆ ಮುಗಿಯುವ ಮೊದಲೇ ಕೃಷ್ಣಪ್ಪನವರು ಸ್ಟಾಫ್ ರೂಮಿನಲ್ಲಿ ಕೂತಿದ್ದರು.

"ನಮ್ ಮಗೀನ ಭೂಮಿ ಮಾಡಿದ್ದೀರಂತೆ ಮಿಸ್ಸು."

"ಹೌದು ಸಾರ್. ಚೆನ್ನಾಗಿ ಓಡ್ತಾಳೆ."

"ಭೂಮಿ ಅಂದ್ರೆ ತಕರಾರಿಲ್ಲ ಬುಡಿ, ಅದು ಮೊದ್ಲಿಂದ್ಲೂ ನಮ್ಮನೇದೇ. ಆದ್ರೆ ಆ ಅಂಗಡಿಯವ್ರ ಉಡ್ಗನ ಸುತ್ತ ಸುತ್ತೋದು ಅಂದ್ರೆ? ಊರೆಲ್ಲ ನೋಡ್ತಾ ನಿಂತಿರ್ತದೆ."

"ಸಾರ್, ಭೂಮಿ ಸೂರ್ಯನ ಸುತ್ತ ತಾನೇ ಸುತ್ತೋದು?"

"ನಾನೂ ಎಸ್ಸೆಲ್ಸಿ ಓದಿವ್ನಿ ಕಣಮ್ಮ. ಸೂರ್ಯನ ಸುತ್ತ ಸುತ್ಲಿ, ಬ್ಯಾಡ ಅಂದೋರ್ಯಾರು? ಈಶ್ವರಯ್ಯನ ಮೊಮ್ಮಗನ ಸುತ್ತ ಯಾಕೆ?"

ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮಾನಸಾ ಪಾತ್ರಗಳನ್ನು ಅದಲುಬದಲು ಮಾಡಿದಳು. ಮಧ್ಯಾಹ್ನದ ರಿಹರ್ಸಲಿನಲ್ಲಿ ಹೊಸ ಭೂಮಿ ಎರಡು ಹೆಜ್ಜೆ ಓಡಿದ್ದೇ, ಹೊಸ ಸೂರ್ಯ ಹಗ್ಗ ಕಟ್ಟಿದ ಕರುವಿನಂತೆ ಹಿಂದೆ ಹಿಂದೆ ಎಳೆಸಿಕೊಂಡು ಹೋದಳು.

"ಮಿಸ್, ನಾನು ಸೂರ್ಯ ತಾನೆ? ನಿಂತ್ಕಳಕ್ಕೇ ಬುಡ್ತಿಲ್ಲ ಇವ್ನು."

"ನಾನೇನ್ ಮಾಡ್ಲಿ ಮಿಸ್, ಸುಮ್ನೆ ಓಡ್ತಾ ಇವ್ನಿ," ಎಂದ ಸಿದ್ದೇಶ್ವರ, ಏದುಸಿರು ಬಿಡುತ್ತ.

ಸಂಜೆ ಬಸ್ಸಿಗೆ ಕಾಯುವಾಗ ಈಶ್ವರಯ್ಯನವರು ಕರೆದು ಕುರ್ಚಿ ಹಾಕಿಸಿದರು. ಅವರದು ಮೆತ್ತನೆ ಮಾತು. "ದಪ್ಪ ಇರೋನ್ನ ಓಡ್ಸಿ, ಸಣ್ಣಕಿರೋಳ್ನ ನಿಲ್ಸೋದು. ಇದು ಪಾಠದಲ್ಲೇ ಐತಾ ಮೇಡಂ, ಇಲ್ಲಾ ಕೃಷ್ಣಪ್ಪನೋರು ಸೇರ್ಸಿದ್ರಾ?"

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳಿಗೆ ಎಳೆಸಿಕೊಂಡು ಹೋದ ಸೂರ್ಯನೇ ಕಣ್ಣಮುಂದೆ ಬಂದಳು. ಅದು ತಪ್ಪಲ್ಲ, ಅದೇ ಸರಿ. ಸೂರ್ಯ ಭೂಮಿಯನ್ನು ಎಳೆದಷ್ಟೇ ಭೂಮಿಯೂ ಸೂರ್ಯನನ್ನು ಎಳೆಯುತ್ತದೆ. ಇಬ್ಬರೂ ನಡುವಿನ ಒಂದು ಬಿಂದುವಿನ ಸುತ್ತ ಸುತ್ತುತ್ತಾರೆ; ಸೂರ್ಯನ ತೂಕಕ್ಕೆ ಅವನ ಸುತ್ತು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಸತ್ಯವೂ ನೌಕರಿಯೂ ಒಂದೇ ಬಸ್ಸಿನಲ್ಲಿ ಬರುವುದು ಅಪರೂಪ. ಮಾನಸಾಳಿಗೆ ಇಳಿಯಬೇಕಾದ ಸ್ಟಾಪು ದಾಟಿಹೋಯಿತು.

ಬುಧವಾರ ಇಬ್ಬರು ಹಿರಿಯರನ್ನೂ ಕೂರಿಸಿಕೊಂಡು ವಿವರಿಸಿದಳು.

"ಆ ನಡುವಿನ ಜಾಗದಲ್ಲಿ ಯಾರಿರ್ತಾರೆ?" ಎಂದರು ಕೃಷ್ಣಪ್ಪನವರು.

"ಯಾರೂ ಇರಲ್ಲ ಸಾರ್."

ಇಬ್ಬರ ಮುಖದಲ್ಲೂ ನೆಮ್ಮದಿ ಕಂಡಿತು. ಈಶ್ವರಯ್ಯನವರು ಮಾತ್ರ ವ್ಯಾಪಾರಸ್ಥರು. "ಇಬ್ರೂ ಸರಿಸಮ ಸುತ್ತಾರಾ ಮೇಡಂ?"

"ತೂಕ ಜಾಸ್ತಿ ಇರೋರಿಗೆ ಸಣ್ಣ ಸುತ್ತು, ಕಮ್ಮಿ ಇರೋರಿಗೆ ದೊಡ್ಡ ಸುತ್ತು," ಎಂದುಬಿಟ್ಟಳು ಮಾನಸಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಅಂಗಾದ್ರೆ ತೂಗ್ಸಿ," ಎಂದರು ಈಶ್ವರಯ್ಯನವರು. "ನಮ್ಮಂಗಡಿಲಿ ತಕ್ಕಡಿ ಐತೆ."

ಕೃಷ್ಣಪ್ಪನವರು ಮಾನಸಾಳ ಕಡೆ ತಿರುಗಿದರು. "ಯೋಳಿ ಮಿಸ್ಸು, ಆ ತಕ್ಕಡೀಲಿ ತೂಗಿದ್ರೆ ಆನೇನೂ ಅರ್ಧ ಕೇಜಿ ಕಮ್ಮಿನೇ ಬತ್ತದೆ. ಡೈರೀಲಿ ತೂಗ್ಸಿ."

"ಡೈರಿಗೂ ಅವ್ರೇ ಅಧ್ಯಕ್ಷರು ಅಂತ ಅವ್ರಿಗೆ ನೆನಪು ಮಾಡಿ ಮೇಡಂ."

ಕೊನೆಗೆ ಅಂಗನವಾಡಿಯ ಯಂತ್ರದ ಮೇಲೆ ಒಮ್ಮತ ಮೂಡಿತು. ಸಿದ್ದೇಶ್ವರ ಅರವತ್ತೆರಡು. ಸ್ಪಂದನಾ ನಲವತ್ತೊಂದು. ಕೃಷ್ಣಪ್ಪನವರು ಮುಳ್ಳನ್ನು ಎರಡು ಸಲ ನೋಡಿ, ಯೋಚಿಸಿ, ಕೇಳಿದರು: "ಮಗು ಬೆನ್ನಿಗೊಂದು ಬ್ಯಾಗ್ ಆಕ್ಕಂಡ್ರೆ?"

ಮಾನಸಾಳಿಗೆ ಸುಳ್ಳು ಹೇಳಲಾಗಲಿಲ್ಲ. "ಆಗುತ್ತೆ ಸಾರ್. ಅದೂ ತೂಕಾನೇ."

"ಸರಿಸಮ ಆಗೋಗಂಟ ಆಕ್ಲಿ, ನಮ್ದೂ ಒಪ್ಗೆ," ಎಂದರು ಈಶ್ವರಯ್ಯನವರು. "ಒಂದ್ ಗ್ರಾಂ ಎಚ್ಚಾಗಂಗಿಲ್ಲ."

ಶನಿವಾರ ಸ್ಪಂದನಾ ಇಪ್ಪತ್ತೊಂದು ಕೇಜಿ ಬಿತ್ತನೆ ಆಲೂಗಡ್ಡೆ ಹೊತ್ತು ಮೈದಾನಕ್ಕೆ ಬಂದಳು. ಹಿರಿಯರಿಬ್ಬರೂ ಒಂದೇ ಸಾಲಿನಲ್ಲಿ ಕೂರಲು ಒಪ್ಪದೆ, ಒಬ್ಬರು ಈ ಕಡೆ ಬೇವಿನ ಮರದಡಿ, ಇನ್ನೊಬ್ಬರು ಆ ಕಡೆ ಧ್ವಜದ ಕಂಬದ ಬಳಿ ಕುರ್ಚಿ ಹಾಕಿಸಿಕೊಂಡಿದ್ದರು. ನಡುವೆ ಸುಣ್ಣದ ಚುಕ್ಕಿ. ಮಕ್ಕಳು ಹಗ್ಗ ಹಿಡಿದು, ಹಿಂದಕ್ಕೆ ವಾಲಿ, ಸುತ್ತತೊಡಗಿದರು. ಚೆನ್ನಾಗಿಯೇ ಸುತ್ತಿದರು.

"ಇದರಲ್ಲಿ ಭೂಮಿ ಯಾವುದಮ್ಮ?" ಎಂದರು ಅಧಿಕಾರಿಗಳು.

"ಜೋಡಿ ನಕ್ಷತ್ರ ಸಾರ್. ಭೂಮಿಗೂ ಇದೇ ನಿಯಮ. ಎಳೆತಾನೂ ಬೇಕು, ಓಟಾನೂ ಬೇಕು."

"ಎಳೆತ ಇಲ್ಲದಿದ್ದರೆ? ಹಗ್ಗ ಬಿಟ್ಟರೆ?"

ನಾಲ್ಕನೇ ಸುತ್ತಿನಲ್ಲಿದ್ದ ಸ್ಪಂದನಾಳ ಭುಜಕ್ಕೆ ಅದು ಪ್ರಶ್ನೆಯಂತೆ ಕೇಳಿಸಲಿಲ್ಲ, ಅಪ್ಪಣೆಯಂತೆ ಕೇಳಿಸಿತು. ಬಿಟ್ಟಳು.

ಅವಳು ಒಂದು ದಿಕ್ಕಿಗೆ, ಅವನು ಅದರ ಎದುರು ದಿಕ್ಕಿಗೆ, ಇಬ್ಬರೂ ಗೆರೆ ಎಳೆದಷ್ಟು ನೇರವಾಗಿ ಹೋದರು. ಬ್ಯಾಗಿನ ಜಿಪ್ಪು ಕಿತ್ತು ಆಲೂಗಡ್ಡೆಗಳೂ ಅದೇ ನಿಯಮವನ್ನು ಪಾಲಿಸಿದವು. ಸ್ಪಂದನಾ ನಿಂತದ್ದು ಈಶ್ವರಯ್ಯನವರ ಮಡಿಲಿನಲ್ಲಿ. ಸಿದ್ದೇಶ್ವರ ಕೃಷ್ಣಪ್ಪನವರನ್ನು ಕುರ್ಚಿ ಸಮೇತ ಕೆಡವಿದ.

"ಪೆಟ್ಟಾಯ್ತೇನವ್ವ?" ಎಂದರು ಈಶ್ವರಯ್ಯನವರು, ತಮ್ಮ ಮೊಣಕಾಲು ಹಿಡಿದುಕೊಂಡು.

"ಏಳ್ಲಾ ಮೇಲೆ," ಎಂಬ ಕೃಷ್ಣಪ್ಪನವರ ದನಿ ಸಿದ್ದೇಶ್ವರನ ಅಡಿಯಿಂದ ಬಂತು. "ಅರವತ್ತೆರಡಲ್ಲ ಕಣ್ಲಾ ನೀನು. ಆ ಅಂಗನವಾಡಿ ಯಂತ್ರಾನೂ ಸುಳ್ಳು."

ಅಧಿಕಾರಿಗಳು ಸಂದರ್ಶಕರ ಪುಸ್ತಕದಲ್ಲಿ ಬರೆದರು: 'ಪ್ರಾತ್ಯಕ್ಷಿಕೆ ಬಹಳ ಪರಿಣಾಮಕಾರಿ. ಆಲೂಗಡ್ಡೆಯ ಅವಶ್ಯಕತೆ ತಿಳಿಯಲಿಲ್ಲ.'

ಆ ಬರಹವನ್ನು ಇಬ್ಬರೂ ಹಿರಿಯರು ತಮ್ಮ ತಮ್ಮ ಮನೆಗೆ ಸಂದ ಹೊಗಳಿಕೆಯೆಂದು ಓದಿಕೊಂಡರು. ಬಿಸಿ ಆರುವ ಮೊದಲೇ ಮಾನಸಾ ಪತ್ರ ತಂದು ಮೇಜಿನ ಮೇಲಿಟ್ಟಳು. ಅಧ್ಯಕ್ಷರ ಹೆಸರು ಮೇಲೆ, ಉಪಾಧ್ಯಕ್ಷರ ಹೆಸರು ಕೆಳಗೆ ಇದ್ದ ಹಳೆಯ ನಮೂನೆಯನ್ನು ಬಿಟ್ಟು, ಎರಡನ್ನೂ ಅಕ್ಕಪಕ್ಕ ಒಂದೇ ಸಾಲಿನಲ್ಲಿ ಟೈಪು ಮಾಡಿಸಿದ್ದಳು.

ಕೃಷ್ಣಪ್ಪನವರು ಪೆನ್ನು ಎತ್ತಿದವರು ನಿಲ್ಲಿಸಿದರು. "ಎಡಗಡೆಯೋರು ದೊಡ್ಡೋರೋ, ಬಲಗಡೆಯೋರೋ ಮಿಸ್ಸು?"

"ಅದು ಸಿಲಬಸ್ಸಲ್ಲಿಲ್ಲ ಸಾರ್," ಎಂದಳು ಮಾನಸಾ.

ಕೃಷ್ಣಪ್ಪನವರು ತಮ್ಮ ಜಾಗಕ್ಕಿಂತ ತುಸು ದೊಡ್ಡದಾಗಿ ಸಹಿ ಹಾಕಿದರು. ಅದನ್ನು ಕಂಡ ಈಶ್ವರಯ್ಯನವರು ಇನ್ನೂ ದೊಡ್ಡದಾಗಿ ಹಾಕಿದರು. ಅದರ ಬಾಲ ಅಧ್ಯಕ್ಷರ ಹೆಸರನ್ನು ಮುಟ್ಟುವುದನ್ನು ಯಾರಾದರೂ ಗಮನಿಸುವ ಮೊದಲೇ ಮಾನಸಾ ಪತ್ರವನ್ನು ಎಳೆದುಕೊಂಡು, ಮಸಿ ಒಣಗಲೂ ಬಿಡದೆ ಬ್ಯಾಗಿಗೆ ಹಾಕಿಕೊಂಡಳು.