ಅಕ್ಕನ ವಿಳಾಸ

ಅಕ್ಕ ದೇಶ ಬಿಟ್ಟು ಮೂರು ವರ್ಷವಾಗಿತ್ತು. ಮನೆಯಲ್ಲಿ ದಿನವೂ ಅವಳದೇ ಜಪ. ಟೈಲರ್ ಅಂಗಡಿ ನಡೆಸುವ ತಂಗಿಗೆ ಅದನ್ನು ಕೇಳಿ ಕೇಳಿ ಹೊಟ್ಟೆ ಉರಿಯುತ್ತಿತ್ತು. ಯಾಕೆ ಉರಿಯಬಾರದು ಹೇಳಿ? ಅಮ್ಮನ ಮಂಡಿಗೆ ದಿನಾ ಎಣ್ಣೆ ತಿಕ್ಕುವವಳು ಇವಳು. ಮೊಬೈಲಿನಲ್ಲಿ ಅಕ್ಕನ ಮುಖ ಕಂಡರೆ ಸಾಕು, ಅದೇ ಅಮ್ಮ ನೋವೆಲ್ಲ ಮರೆತು ಎದ್ದು ಕೂರುತ್ತಿದ್ದಳು!

ಅಕ್ಕ ಪತ್ರಕರ್ತೆ. ಪೊಲೀಸ್ ಠಾಣೆಯಲ್ಲಿ ಗಾರೆ ಕೆಲಸದವನೊಬ್ಬ ಸತ್ತಾಗ, ಅವನ ಮೈಮೇಲಿನ ಬಾಸುಂಡೆಗಳ ಲೆಕ್ಕ ಸಮೇತ ಸುದ್ದಿ ಬರೆದಿದ್ದಳು. ಆಮೇಲೆ ಬೆದರಿಕೆ, ಬಾಗಿಲಿಗೆ ಕಲ್ಲು, ಬಂಧನದ ವಾರಂಟು. ಉಟ್ಟ ಬಟ್ಟೆಯಲ್ಲೇ ಗಡಿ ದಾಟಿದಳು. ಅಲ್ಲಿಂದಲೂ ಬರೆಯುವುದು ನಿಲ್ಲಿಸಲಿಲ್ಲ. ಅವಳ ವಿಳಾಸ ಗೊತ್ತಿದ್ದದ್ದು ತಂಗಿಯೊಬ್ಬಳಿಗೇ. ಚಳಿಗೆ ಕೋಟು ಹೊಲಿದು ಕಳಿಸುತ್ತಿದ್ದವಳು ಅವಳಲ್ಲವೇ.

ಒಂದು ಬೆಳಿಗ್ಗೆ ಅಂಗಡಿಗೆ ಹೊಸ ಗಿರಾಕಿಯೊಬ್ಬ ಬಂದ. ಪ್ಯಾಂಟಿನ ಉದ್ದ ಕಡಿಮೆ ಮಾಡಲು ಕೊಟ್ಟು ಮಾತಿಗೆ ಕೂತ.

"ಎಲ್ಲರೂ ನಿಮ್ಮಕ್ಕನ್ನೇ ಹೊಗಳ್ತಾರೆ. ಮನೆ ನಡೆಸೋರು ನೀವು. ನಿಮ್ಮನ್ನ ಯಾರಾದ್ರೂ ಕೇಳ್ತಾರಾ?"

ಮೂರು ವರ್ಷದಲ್ಲಿ ಯಾರೂ ಆಡದ ಮಾತು. ತಂಗಿ ಕರಗಿಹೋದಳು.

"ಅವರು ಅಲ್ಲಿ ಎಷ್ಟು ಸುಖವಾಗಿದ್ದಾರೆ ಅಂತ ಟಿವಿಯಲ್ಲಿ ಜನಕ್ಕೆ ತೋರಿಸ್ತೀವಿ. ವಿಳಾಸ ಒಂದು ಬರೆದಿಡಿ, ಪ್ಯಾಂಟಿಗೆ ಸಂಜೆ ಬರ್ತೀನಿ."

'ತೋರಿಸಲಿ, ಅಮ್ಮನಿಗೂ ಗೊತ್ತಾಗಲಿ' ಎಂದುಕೊಂಡ ತಂಗಿ, ಅಳತೆ ಚೀಟಿಯ ಹಿಂದೆ ವಿಳಾಸ ಬರೆದು ಪ್ಯಾಂಟಿನ ಜೇಬಿಗಿಟ್ಟಳು.

ಮಧ್ಯಾಹ್ನ, ವಕೀಲರ ಕಚೇರಿಯಲ್ಲಿ ಟೈಪಿಂಗ್ ಮಾಡುವ ಗೆಳತಿ ಬಂದಳು. ವಿಷಯ ಕೇಳಿ ಹೌಹಾರಿದಳು.

"ತಲೆಗಿಲೆ ಕೆಟ್ಟಿದೆಯೇನೇ ನಿಂಗೆ?"

"ಏನೀಗ? ಬರೀ ವಿಳಾಸ ತಾನೇ!"

"ಅವಳನ್ನ ಹಿಡಿಯೋಕೆ ಹುಡುಕೋರು ಮೊದ್ಲು ಕೇಳೋದು ವಿಳಾಸಾನೇ ಕಣೇ. ಆಮೇಲೆ ಅವಳ ಮನೆ ಬಾಗಿಲಿಗೆ ಯಾರು ಬರ್ತಾರೋ! ಆ ಗಾರೆಯವನ ಹೆಂಡ್ತಿ ದೂರು ಟೈಪ್ ಮಾಡಿದ್ದು ನಾನೇ. ಠಾಣೆಯವರು ಎರಡು ಸಲ ವಾಪಸ್ ಕಳಿಸಿದ್ರು. ನಿಮ್ಮಕ್ಕ ಬರೆದ ಮೇಲೇ ಕೇಸ್ ದಾಖಲಾಯ್ತು."

"ಅವಳು ಅಲ್ಲಿ ರಾಣಿ ಥರ ಇದ್ದಾಳೆ. ಇಲ್ಲಿ ಸಾಯ್ತಿರೋಳು ನಾನು!"

"ಹಾಗಾದ್ರೆ ಅವಳನ್ನೇ ಕೇಳು" ಎಂದು ಗೆಳತಿ ಅಲ್ಲೇ ಫೋನ್ ಮಾಡಿಸಿದಳು.

ಅಕ್ಕ ಒಂದು ಹೋಟೆಲಿನಲ್ಲಿ ಹಾಸಿಗೆಗಳ ಚಾದರ ಬದಲಿಸುತ್ತಿದ್ದಳು. ಹೊಟ್ಟೆಪಾಡಿಗೆ ಅದೇ ಕೆಲಸ; ಬರವಣಿಗೆ ಉಳಿದ ಹೊತ್ತಿನಲ್ಲಿ. ತಂಗಿ ಮಾಡಿದ್ದು ತಿಳಿದು ಕೈಯಲ್ಲಿದ್ದ ಚಾದರ ಬಿಟ್ಟು ಹಾಸಿಗೆಯ ಅಂಚಿಗೆ ಕೂತಳು.

"ಹೆದರ್ಕೊಂಡು ಮೂರು ಮನೆ ಬಿಟ್ಟಿದ್ದೀನಿ. ಇದು ನಾಲ್ಕನೇದು ಕಣೇ," ಎಂದಳು. "ನೀನು ಅಮ್ಮನ ಪಕ್ಕದಲ್ಲಿ ಮಲಗ್ತೀಯಲ್ಲ, ಅದನ್ನ ನೆನೆಸಿಕೊಂಡ್ರೆ ನಂಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ?"

ತಂಗಿ ಚೀಟಿ ತೆಗೆದು ಚೂರುಚೂರು ಮಾಡಿದಳು. ಸಂಜೆ ಗಿರಾಕಿ ಬಂದಾಗ, "ಪ್ಯಾಂಟ್ ತಗೊಳ್ಳಿ. ವಿಳಾಸ ಗೊತ್ತಿಲ್ಲ" ಎಂದಳು. ಮನೆಗೆ ಬಂದರೆ ಅಮ್ಮ ಆಗಲೂ ಅಕ್ಕನನ್ನೇ ಹೊಗಳುತ್ತಿದ್ದಳು. ತಂಗಿಗೆ ಮತ್ತೆ ಉರಿಯಿತು, ಸುಳ್ಳೇಕೆ. ಆದರೂ ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿ, ಅಕ್ಕನ ವಿಷಯ ಯಾರು ಕೇಳಿದರೂ ಬಾಯಿ ಬಿಡಬಾರದೆಂದು ಮಾತು ತೆಗೆದುಕೊಂಡಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮವರಲ್ಲೂ ಸತ್ಯ ಬರೆಯುವವರು ಇರಬಹುದು. ಅವರೆಲ್ಲಿದ್ದಾರೆಂದು ಯಾರು ಎಷ್ಟೇ ನಯವಾಗಿ ಕೇಳಿದರೂ ಹೇಳಬೇಡಿ. ಫೋಟೊ, ಫೋನ್ ನಂಬರ್ ಹಂಚಬೇಡಿ. ಯಾರಾದರೂ ಕೇಳಿಕೊಂಡು ಬಂದರೆ ನಿಮ್ಮವರಿಗೆ ತಕ್ಷಣ ತಿಳಿಸಿ. ಅವರ ಮೇಲೆ ಕೋಪವಿದ್ದರೆ ಮನೆಯೊಳಗೇ ಜಗಳವಾಡಿ. ನಾಳೆ ನಮಗೆ ಅನ್ಯಾಯವಾದರೆ ಅದನ್ನು ಬರೆಯಲು ಅವರು ಬದುಕಿರಬೇಕು.