ಆಚೆ ಒಂಬತ್ತು, ಈಚೆ ಒಂಬತ್ತು

“ಹಲಗೆ ನೆಟ್ಟಗೆ ಹಿಡ್ಕೊಳ್ಳೇ, ಕತ್ತೆ! ಕೈಯಲ್ಲಿ ಜೀವ ಇಲ್ವಾ?”

ಯಜಮಾನ ಗದರಿದ. ಇಸ್ತ್ರಿಯಕ್ಕ ಹಲಗೆಗೆ ಭುಜ ಕೊಟ್ಟು ನಿಂತಳು. ಬಡಗಿ ಮೊಳೆ ಹೊಡೆದ. ಹದಿನಾಲ್ಕು ವರ್ಷ ಒಂದೇ ಆಗಿದ್ದ ಹೊಲಿಗೆಯ ಕೋಣೆ ಮಧ್ಯಾಹ್ನದೊಳಗೆ ಎರಡಾಯಿತು. ಆಚೆ ಒಂಬತ್ತು ಹೆಂಗಸರು, ಈಚೆ ಒಂಬತ್ತು. ಎರಡಕ್ಕೂ ಬೇರೆ ಬೇರೆ ಶಟರು. ಆಚೆಯದರ ಮೇಲೆ ಯಜಮಾನನ ಹೆಂಡತಿಯ ಹೆಸರಿನ ಹೊಸ ಬೋರ್ಡು.

“ಹತ್ತು ಜನಕ್ಕಿಂತ ಕಮ್ಮಿ ಇದ್ರೆ ಸಣ್ಣ ಉದ್ಯಮ ಅಂತೆ, ಹೊಸ ಕಾನೂನು,” ಕಾಜಾ ಹೊಲಿಯುವ ಮುದುಕಿ ಪಿಸುಗುಟ್ಟಿದಳು. “ಕರೆದಾಗ ಬರ್ಬೇಕು, ಬೇಡ ಅಂದಾಗ ಹೋಗ್ಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ.”

ಅದೇ ಸಂಜೆ ಬೇಡ ಅನ್ನಿಸಿಕೊಂಡವಳು ಇಸ್ತ್ರಿಯಕ್ಕನ ನಾದಿನಿ, ಆಚೆ ಕೋಣೆಯವಳು. ಆರು ತಿಂಗಳ ಬಸುರಿ.

“ಗಳಿಗೆಗೊಂದ್ಸಲ ಉಚ್ಚೆಗೆ ಓಡ್ತಾಳೆ. ನಾನೇನು ಹೆರಿಗೆ ಆಸ್ಪತ್ರೆ ನಡಿಸ್ತಿದೀನಾ?” ಅಂದ ಯಜಮಾನ.

ಮರುದಿನ ನಾದಿನಿ ಮಾಮೂಲಿನಂತೆ ಅತ್ತಿಗೆಯ ಜೊತೆ ಹೊರಟೇಬಿಟ್ಟಳು. ಯಜಮಾನ ಒಳಗೆ ಬಿಡಲಿಲ್ಲ. ಬೀದಿಯ ಕಟ್ಟೆಯ ಮೇಲೆ ಕೂತಳು. ಇಸ್ತ್ರಿಯಕ್ಕನಿಗೆ ನಿಂತಲ್ಲಿ ಕಾಲು ನಿಲ್ಲಲಿಲ್ಲ. ಕಿಟಕಿಗೊಮ್ಮೆ, ಮೇಜಿಗೊಮ್ಮೆ ಓಡಾಡಿದಳು. ಒಂದು ಕಾಲರು ಸೀದುಹೋಯಿತು.

ಹನ್ನೊಂದಕ್ಕೆ ಕಾರ್ಮಿಕ ಇಲಾಖೆಯ ಸಾಹೇಬ ಬಂದ. ಬೆರಳು ತೋರಿಸುತ್ತ ಈಚೆ ಕೋಣೆಯ ತಲೆ ಎಣಿಸಿದ.

“ಒಂಬತ್ತು. ಸರಿಯಾಗಿದೆ.”

“ಏನ್ ಸರಿಯಾಗಿದೆ ಸ್ವಾಮಿ?” ಇಸ್ತ್ರಿಯಕ್ಕ ಪ್ಲಗ್ ಕಿತ್ತಳು.

“ಬಾಯ್ ಮುಚ್ಚೇ, ಮುಂಡೆ!” ಅಂದ ಯಜಮಾನ.

ಅವಳು ಸೀದಾ ಹೊರಗೆ ಹೋಗಿ, ನಾದಿನಿಯ ರಟ್ಟೆ ಹಿಡಿದು ಎಬ್ಬಿಸಿ, ಆಚೆ ಕೋಣೆಗೆ ನುಗ್ಗಿದಳು. ಕಾಜಾ ಮುದುಕಿ ಮಂಡಿ ಹಿಡಿದುಕೊಂಡು ಎದ್ದಳು. ಅವಳ ಹಿಂದೆ ಈಚೆ ಕೋಣೆಯ ಉಳಿದವರು, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತ. ಸಾಹೇಬ ಅಲ್ಲಿಗೆ ಬರುವಷ್ಟರಲ್ಲಿ ಒಳಗೆ ಕಾಲಿಡಲು ಜಾಗವಿರಲಿಲ್ಲ.

“ಎಣ್ಸಿ ಸ್ವಾಮಿ. ಈಗ ಎಣ್ಸಿ.”

ಸಾಹೇಬ ಯಜಮಾನನ ಮುಖ ನೋಡಿದ. ಪೆನ್ನಿಗೆ ಮುಚ್ಚಳ ಹಾಕಿದ. “ನಾನೊಂದು ಟೀ ಕುಡ್ಕೊಂಡು ಬರ್ತೀನಿ. ಅಷ್ಟರಲ್ಲಿ ಇವರೆಲ್ಲ ಅವರವರ ಜಾಗದಲ್ಲಿರ್ಲಿ.”

ಅವನು ತಿರುವಿನಲ್ಲಿ ಮರೆಯಾದದ್ದೇ ತಡ, ಯಜಮಾನ ಶಟರಿಗೆ ಕೈ ಹಾಕಿದ.

“ಹೊರಗೆ ಬರ್ತೀರೋ, ಶಟರು ಎಳೀಲೋ?”

“ಎಳಿ,” ಅಂದಳು ಇಸ್ತ್ರಿಯಕ್ಕ.

ಶಟರು ದಡದಡ ಇಳಿಯಿತು. ಕತ್ತಲೆ, ಸೆಕೆ, ಹೆಂಗಸರ ಬೆವರಿನ ವಾಸನೆ. ಯಾರೋ ಬಿಕ್ಕಿದರು. ನಾದಿನಿ ಗೋಡೆ ತಡವುತ್ತ ಹೋಗಿ ತನ್ನ ಮೆಷಿನ್ನಿನ ಮುಂದೆ ಕೂತಳು.

“ಒಂದು,” ಇಸ್ತ್ರಿಯಕ್ಕ ಬೀದಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದಳು.

ಹೊರಗೆ ಬೀಗ ಬಿದ್ದ ಸದ್ದಾಯಿತು.

ಆಮೇಲೆ ಮೆಷಿನ್ನಿನ ಕಡೆಯಿಂದ, ನಾದಿನಿಯ ದನಿ: “ಎರಡು.”