ಅಗಲದ ಸ್ಕೀಗಳು

ಕೈಯೆಲ್ಲ ಹಿಟ್ಟಾಗಿತ್ತು. ಬ್ರೆಡ್ಡಿನ ಹಿಟ್ಟು ನಾದುವಾಗ ನನ್ನನ್ನು ತಡೆಯಬಾರದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ನನ್ನ ತಮ್ಮ ಟೀನೆಗೂ ಗೊತ್ತು. ಆದರೂ ಅವನು ಅಡುಗೆಮನೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಬಂದು, ಹೆಗಲ ಮೇಲಿದ್ದ ಮೂರು ಜೊತೆ ಸ್ಕೀಗಳನ್ನು ಮೇಜಿಗೆ ಒರಗಿಸಿದ. ಒಂದು ಜಾರಿ ಹಿಟ್ಟಿನ ಡಬ್ಬಿಗೆ ಬಡಿಯಿತು.

"ಹಿಟ್ಟಿಗೆ ಬಿದ್ರೆ ಅದನ್ನೇ ಬೇಯಿಸಿ ನಿನ್ನ ತಟ್ಟೆಗೆ ಹಾಕ್ತೀನಿ," ಎಂದೆ.

"ಹಾಕು ಅಕ್ಕ. ನಿನ್ನ ಬ್ರೆಡ್ಡಿಗಿಂತ ಮೆತ್ತಗೇ ಇರುತ್ತೆ." ನಿನ್ನೆಯ ಬ್ರೆಡ್ಡಿನ ತುದಿಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡ. "ಶನಿವಾರ ಬ್ರಿನಾನ ಬೆಟ್ಟದ ಮೇಲಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದ್ನಲ್ಲ, ಅವಳಿಗೆ. ಅಂಗಡಿಯಿಂದ ಎರವಲು ತಂದಿದ್ದೀನಿ, ಸೋಮವಾರ ವಾಪಸ್ ಕೊಡ್ಬೇಕು. ಒಂದು ಜೊತೆ ಆರಿಸಿಡು. ಸಂಜೆ ಬಂದು ಅವಳ ಬೂಟಿಗೆ ಹೊಂದಿಸ್ತೀನಿ."

"ಸ್ಕೀ ಅಂಗಡೀಲಿ ಕೆಲಸ ಮಾಡೋನು ನೀನು. ನೀನೇ ಆರಿಸು."

"ಹಿಮ ನೋಡೋದು ಕಲಿಸಿದ್ದು ಯಾರು ನನಗೆ? ಅವಳ ಕಾಲು, ಅವಳ ತೂಕ, ಅವಳ ಹಟ, ಮೂರೂ ನಿನಗೇ ಗೊತ್ತು. ನೀನೂ ಬಾ ನಮ್ಮ ಜೊತೆ. ನಿನ್ನ ಹಳೇ ಸ್ಕೀ ಅಟ್ಟದ ಮೇಲೆ ಅಳ್ತಾ ಕೂತಿವೆ."

ಅವನು ಹೋದ ಮೇಲೆ ನಾನು ಹಿಟ್ಟಿಗೆ ಬಟ್ಟೆ ಮುಚ್ಚಿ, ಕೈ ತೊಳೆದು, ಮೂರು ಜೊತೆಗಳನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿದೆ.

ಮೊದಲನೆಯದು ಕಡ್ಡಿಯಂತೆ ಸಪೂರ, ಎತ್ತಿದರೆ ಕೈಯಲ್ಲಿ ಏನೂ ಇಲ್ಲವೆನಿಸುವಷ್ಟು ಹಗುರ. ಹತ್ತುವುದಕ್ಕೆ ಅದು ಸುಖ, ಆದರೆ ಇಳಿಯುವಾಗ ಒರಟು ಹಿಮ ಸಿಕ್ಕಿತೋ, ಕಾಲಿನಡಿ ಗಡಗಡ ನಡುಗುತ್ತದೆ. ಮೂರನೆಯದು ಹಲಗೆಯಷ್ಟು ಅಗಲ. ಹೊಸದಾಗಿ ಬಿದ್ದ ಆಳದ ಹಿಮದ ಮೇಲೆ ದೋಣಿಯಂತೆ ತೇಲುತ್ತದೆ, ಆದರೆ ಭಾರ, ಮಂಜುಗಡ್ಡೆಯ ಮೇಲೆ ಹಿಡಿತವೂ ಕಡಿಮೆ. ನಡುವಿನದು ಹಸಿರು ಬಣ್ಣದ್ದು. ಅತ್ತ ಅಗಲವೂ ಅಲ್ಲ, ಇತ್ತ ಸಪೂರವೂ ಅಲ್ಲ. ಒಳಗೆ ಗಟ್ಟಿ ಮರ, ಅಂಚಿನ ಉಕ್ಕಿಗೆ ಹೊಸದಾಗಿ ಸಾಣೆ. ಮಾರ್ಚ್ ತಿಂಗಳಲ್ಲಿ ನಮ್ಮ ಬೋಹಿನ್ ಕಣಿವೆಯ ಬೆಟ್ಟ ಒಂದೇ ದಿನದಲ್ಲಿ ಎಲ್ಲ ಬಗೆಯ ಹಿಮವನ್ನೂ ಕೊಡುತ್ತದೆ: ಕಾಡಿನೊಳಗೆ ಪುಡಿ, ಬಯಲಲ್ಲಿ ಕೆಸರು, ನೆರಳಿನ ಇಳಿಜಾರಿನಲ್ಲಿ ಗಾಜು. ಎಲ್ಲಕ್ಕೂ ಸಲ್ಲುವುದು ನಡುವಿನದೇ ಎಂದು ಹೇಳಲು ನನಗೆ ಒಂದು ನಿಮಿಷವೂ ಬೇಕಿರಲಿಲ್ಲ.

ನನ್ನ ಮಗಳು ಬ್ರಿನಾಗೂ ಬೇಕಿರಲಿಲ್ಲ. ತಲೆ ಬಾಚದೆ, ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿಕೊಂಡು ಮೆಟ್ಟಿಲಿಳಿದು ಬಂದವಳೇ ಹಸಿರು ಸ್ಕೀಯನ್ನು ಅಪ್ಪಿಕೊಂಡಳು. ಹದಿಮೂರರ ಹುಡುಗಿ. ಸ್ಕೀಯ ತುದಿ ಅವಳ ಮೂಗಿನ ಮಟ್ಟಕ್ಕೆ ಸರಿಯಾಗಿ ಬಂತು.

"ಇದು ನಂದು ಅಮ್ಮ. ನೋಡು, ನಂಗೇ ಅಂತ ಅಳತೆ ತೆಗ್ದಂಗಿದೆ."

ನಮ್ಮ ಮನೆಯಲ್ಲಿ ಬೆಟ್ಟಕ್ಕೆ ಹೋಗಿ ಸತ್ತವರಿಲ್ಲ. ಕಾಲು ಮುರಿದುಕೊಂಡವರೂ ಇಲ್ಲ. ಹಾಗೇನಾದರೂ ಆಗಿದ್ದರೆ ನನ್ನ ಹೆದರಿಕೆಗೆ ಒಂದು ಕಾರಣವಾದರೂ ಇರುತ್ತಿತ್ತು. ಈ ಊರಿನಲ್ಲಿ ಎಲ್ಲರ ಮಕ್ಕಳೂ ಹೋಗುತ್ತಾರೆ. ನಾನೂ ಅವಳ ವಯಸ್ಸಿನಲ್ಲಿ ಟೀನೆಯನ್ನು ಹಿಂದೆ ಕಟ್ಟಿಕೊಂಡು ಹೋದವಳೇ. ಈಗ 'ಬೇಡ' ಎಂದರೆ ತಮ್ಮ ನಗುತ್ತಾನೆ, ಮಗಳು ಅಳುತ್ತಾಳೆ. ನನ್ನ ಬಾಯಿಂದ ಬಾರದ 'ಬೇಡ'ವನ್ನು ಸ್ಕೀಯೇ ಹೇಳಲಿ ಎನಿಸಿತು. ಅಗಲದ್ದರ ಭಾರ ಎಳೆದುಕೊಂಡು ಕಾಡಿನ ಏರು ಹತ್ತುವಷ್ಟರಲ್ಲಿ ಸುಸ್ತಾಗಿ ತಾನಾಗಿಯೇ ತಿರುಗುತ್ತಾಳೆ, ಈ ವರ್ಷಕ್ಕೆ ಸಾಕು ಎನ್ನುತ್ತಾಳೆ. ಯಾರಿಗೂ ನೋವಾಗುವುದಿಲ್ಲ.

"ಅದಲ್ಲ ಚಿನ್ನ, ಇದು," ಎಂದು ಅಗಲದ್ದನ್ನು ಅವಳ ಕೈಗಿಟ್ಟೆ.

ಅವಳು ಎತ್ತಿದಳು. ಹೆಗಲು ಒಂದು ಕಡೆ ವಾಲಿತು. "ಭಾರ ಅಲ್ವಾ ಅಮ್ಮ?"

"ಮೇಲೆ ಹೊಸ ಹಿಮ ಬಿದ್ದಿದೆ. ಅದು ಹೂತು ಹೋಗುತ್ತೆ. ಇದಾದ್ರೆ ತೇಲುತ್ತೆ."

"ಹೌದಾ?" ಎಂದಳು. ಹಸಿರು ಸ್ಕೀಯ ಬೆನ್ನನ್ನು ಒಮ್ಮೆ ಸವರಿ, ತಾನೇ ಒಯ್ದು ಕೊಟ್ಟಿಗೆಯಲ್ಲಿಟ್ಟು ಬಂದಳು. ಅಷ್ಟೇ.

ಸಂಜೆ ಟೀನೆ ಹುಬ್ಬೇರಿಸಿದ. "ಅಗಲದ್ದಾ?"

"ಹೊಸ ಹಿಮ."

"ನೀನು ಹೇಳಿದ್ಮೇಲೆ ಸರಿ ಬಿಡು," ಎಂದು ತಿರುಪುಳಿ ತೆಗೆದು ಅವಳ ಬೂಟಿಗೆ ಹೊಂದಿಸಲು ಕುಳಿತ.

ನಾನು ಹೇಳಿದ್ದು ಆ ದಿನದ ಮಟ್ಟಿಗೆ ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದರೆ ಗುರುವಾರ ತೆಂಕಣ ಗಾಳಿ ಬೀಸಿ ಹಿಮ ಕರಗಿತು. ಶುಕ್ರವಾರವೂ ದಿನವಿಡೀ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಆ ಸದ್ದು ನಿಂತುಹೋಯಿತು. ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಎಲ್ಲವೂ ಹೆಪ್ಪುಗಟ್ಟುತ್ತಿತ್ತು. ಹಸಿರು ಜೊತೆ ಇನ್ನೂ ಕೊಟ್ಟಿಗೆಯಲ್ಲೇ ಇತ್ತು, ಅಂಗಳ ದಾಟಿದರೆ ಸಿಗುತ್ತಿತ್ತು. ನಾನು ನಲ್ಲಿ ತಿರುಗಿಸಿ ಉಳಿದ ಪಾತ್ರೆ ತೊಳೆದೆ.

ಶನಿವಾರ ಬೆಳಿಗ್ಗೆ ಕಾಡಿನ ಬುಡದಲ್ಲಿ ಮೂವರೂ ಸ್ಕೀಗಳ ತಳಕ್ಕೆ ರೋಮದ ಪಟ್ಟಿ ಅಂಟಿಸಿಕೊಂಡೆವು. ಹಿಂದಕ್ಕೆ ಜಾರದಂತೆ ಹಿಡಿಯುವುದು ಅದೇ. ಮುಂದೆ ಟೀನೆ, ನಡುವೆ ಬ್ರಿನಾ, ಹಿಂದೆ ನನ್ನ ಹಳೆಯ ಸ್ಕೀಗಳ ಮೇಲೆ ನಾನು. ಬೀಚ್ ಮರಗಳ ನಡುವೆ ಹಿಮ ಇನ್ನೂ ಮೆತ್ತಗಿತ್ತು. ಒಂದೊಂದು ಹೆಜ್ಜೆಗೂ ಅವಳು ಸೊಂಟದಿಂದ ಸ್ಕೀಯನ್ನು ಎಳೆಯುವುದು ಹಿಂದಿನಿಂದ ನನಗೆ ಕಾಣುತ್ತಿತ್ತು. ಟೊಪ್ಪಿಯಡಿಯ ಕೂದಲು ಬೆವರಿಗೆ ಕುತ್ತಿಗೆಗೆ ಅಂಟಿಕೊಂಡಿತ್ತು.

"ಸುಸ್ತಾಯ್ತಾ ಚಿನ್ನ? ತಿರುಗೋಣ್ವಾ?"

"ಇಲ್ಲಮ್ಮ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದೆ. ನನ್ನ ದನಿ ಎಷ್ಟು ಮೃದುವಾಗಿತ್ತೆಂದರೆ ನನಗೇ ಅಸಹ್ಯವಾಯಿತು.

"ಅಕ್ಕ, ಸುಸ್ತು ಅವಳಿಗೋ ನಿನಗೋ?" ಟೀನೆ ಮುಂದಿನಿಂದ ಕೂಗಿದ. "ಬ್ರಿನಾ, ನಿಮ್ಮಮ್ಮನ್ನ ಬೆನ್ನ ಮೇಲೆ ಹೊತ್ಕೋತೀಯೇನೇ?"

"ಹೊತ್ಕೊಂಡೇ ಬರ್ತಿದ್ದೀನಿ ಮಾವ, ಎರಡೂ ಕಾಲಲ್ಲಿ!" ಎಂದು ಏದುಸಿರಿನಲ್ಲೇ ನಕ್ಕಳು. ತಮಾಷೆಗೆ ಅಂದ ಮಾತು. ನನಗೆ ನಗು ಬರಲಿಲ್ಲ.

ಕಾಡು ಮುಗಿಯಿತು. ಅವಳು ತಿರುಗಲಿಲ್ಲ. ಮುಂದೆ ನೆರಳಿನ ಇಳಿಜಾರನ್ನು ಅಡ್ಡಕ್ಕೆ ದಾಟಬೇಕು. ಟೀನೆಯ ಕೋಲು ಹಿಮಕ್ಕೆ ತಾಗಿ ಕಲ್ಲಿಗೆ ತಾಗಿದಂತೆ ಸದ್ದು ಮಾಡಿತು. ನಾನು ಏರನ್ನು ಲೆಕ್ಕ ಹಾಕಿದ್ದೆ, ಅವಳ ದಣಿವನ್ನು ಲೆಕ್ಕ ಹಾಕಿದ್ದೆ. ಅವಳು ದಣಿದೂ ಇಲ್ಲಿಯವರೆಗೆ ಬಂದುಬಿಟ್ಟರೆ ಏನು ಎಂದು ಯೋಚಿಸಿಯೇ ಇರಲಿಲ್ಲ.

"ಅಂಚು ಒತ್ತಿ ನಡಿ, ಪುಟ್ಟಿ," ಎಂದ ಟೀನೆ.

ಅವಳು ಒತ್ತಿದಳು. ಆದರೆ ಅಷ್ಟು ಅಗಲದ ಸ್ಕೀಯ ಅಂಚನ್ನು ಗಾಜಿನಂಥ ಹಿಮಕ್ಕೆ ಊರಲು ದೊಡ್ಡವರ ಕಣಕಾಲೂ ಸೋಲುತ್ತದೆ. ಸ್ಕೀ ಚಪ್ಪಟೆಯಾಗಿ ಮಲಗಿತು. "ಅಮ್ಮಾ" ಎಂದದ್ದು ಕೇಳಿತು, ಅಷ್ಟರಲ್ಲಿ ನನ್ನ ಮಗಳು ಪಕ್ಕಕ್ಕೆ ಬಿದ್ದು ಕೆಳಗೆ ಜಾರುತ್ತಿದ್ದಳು.

ಕೆಳಗೆ ಕುಳ್ಳು ಪೈನ್ ಪೊದೆಗಳಿದ್ದವು. ಅವು ಅವಳನ್ನು ಹಿಡಿದವು, ನಾನಲ್ಲ.

ನಾವು ಇಳಿದು ಹೋದಾಗ ಅವಳು ಎದ್ದು ಕುಳಿತು ಬಾಯಿಗೆ ಹೊಕ್ಕ ಪೈನ್ ಎಲೆಗಳನ್ನು ಉಗುಳುತ್ತಿದ್ದಳು. ಗಲ್ಲ ತರಚಿತ್ತು, ಬೇರೇನೂ ಆಗಿರಲಿಲ್ಲ. ಟೀನೆ ತನ್ನ ಚೀಲದಿಂದ ಹಲ್ಲುಪಟ್ಟಿ ತೆಗೆದ. ಬಿಲ್ಲಿನಂತೆ ಬಾಗಿದ ಲೋಹದ ಪಟ್ಟಿ ಅದು. ಬೂಟಿನಡಿ ಸ್ಕೀಯನ್ನು ತಬ್ಬಿ ಕುಳಿತು, ಎರಡು ಪಕ್ಕದ ಹಲ್ಲುಗಳಿಂದ ಮಂಜುಗಡ್ಡೆಯನ್ನು ಕಚ್ಚುತ್ತದೆ. ಅವಳಿಗೆಂದೇ ಒಂದು ಜೊತೆ ಹೆಚ್ಚಿಗೆ ತಂದಿದ್ದ. ಅವಳ ಸ್ಕೀಯ ಮೇಲಿಟ್ಟು ಒತ್ತಿದ. ಅದು ಇಳಿಯಲಿಲ್ಲ. ಹಲ್ಲುಗಳು ಸ್ಕೀಯ ಬೆನ್ನ ಮೇಲೆಯೇ ನಿಂತವು. ತಿರುಗಿಸಿ ಇನ್ನೊಮ್ಮೆ ಒತ್ತಿದ.

"ಹಸಿರಿಗೆ ಆಗೋ ಅಳತೇದು ಹಾಕ್ಕೊಂಡು ಬಂದಿದ್ದೀನಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಅಗಲದ್ದಕ್ಕೆ ಅಂತ ನೋಡ್ದೆ, ಕೈಗೆ ಸಿಕ್ಕಿದ್ದನ್ನ." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ಅಕ್ಕ, ನಿನ್ನೆ ಸಂಜೆ ಸೂರು ತೊಟ್ಟಿಕ್ಕೋದು ನಿಂತಿದ್ದು ನಿನಗೆ ಕೇಳಿಸ್ಲಿಲ್ವಾ?"

"ಗಮನಿಸ್ಲಿಲ್ಲ," ಎಂದೆ.

ನಾನು ಎಂಥ ಕಿವಿಯವಳೆಂದು ಅವನಿಗೆ ಗೊತ್ತು. ನನ್ನನ್ನೇ ನೋಡಿ, ಹಲ್ಲುಪಟ್ಟಿಯನ್ನು ಮತ್ತೆ ಚೀಲಕ್ಕೆ ತುರುಕಿದ. ಬ್ರಿನಾ ನಮ್ಮಿಬ್ಬರನ್ನೂ ನೋಡಿದಳು. ಏನೋ ಕೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು.

ಅಲ್ಲಿಂದಲೇ ತಿರುಗಿದೆವು, ನಾನು ಬಯಸಿದ್ದಂತೆಯೇ. ಟೀನೆ ಅವಳ ಸ್ಕೀಗಳನ್ನು ಬೆನ್ನಿಗೆ ಕಟ್ಟಿಕೊಂಡು ಬೂಟಿನಿಂದ ಒದ್ದು ಒದ್ದು ಮೆಟ್ಟಿಲು ಮಾಡಿಕೊಟ್ಟ. ಅವಳು ಅವನ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟು ಇಳಿದಳು. ನಾನು ಚಾಚಿದ ಕೈಯನ್ನು ಹಿಡಿಯಲಿಲ್ಲ, ಬೇಕೆಂದು ಬಿಟ್ಟದ್ದೋ ನೋಡಲಿಲ್ಲವೋ ತಿಳಿಯಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಬ್ರಿನಾ ಹೇಳಿದಳು. "ನನ್ನಿಂದ ನಿಮ್ಮಿಬ್ಬರ ದಿನ ಹಾಳಾಯ್ತು. ಅಮ್ಮ ಒಳ್ಳೇದೇ ಆರಿಸಿದ್ಳು. ನನ್ನ ಕಾಲಲ್ಲೇ ಬಲ ಇಲ್ಲ."

"ಬಲ ಇಲ್ಲದೋಳು ಆ ಕಬ್ಬಿಣದ ಬಾಗಿಲು ಎಳ್ಕೊಂಡು ಕಾಡು ದಾಟ್ತಾಳೇನೇ?" ಎಂದ ಟೀನೆ. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಮೇಲಿತ್ತು. "ಕಾಲಿಂದು ತಪ್ಪಿಲ್ಲ ಪುಟ್ಟಿ." ಮುಂದಿನದನ್ನು ಅವನು ನನಗೆ ಬಿಟ್ಟ. ನಾನು ಕಿಟಕಿಯಾಚೆಗಿನ ಸರೋವರ ನೋಡುತ್ತ ಕುಳಿತೆ.

ಮನೆಗೆ ಬಂದು ಅವಳ ಗಲ್ಲಕ್ಕೆ ಔಷಧಿ ಹಚ್ಚಿದೆ. ಉರಿದರೂ ಅಲುಗಲಿಲ್ಲ. ಬಿಸಿ ಸೂಪು ಕೊಟ್ಟೆ, ಕುಡಿದಳು. ಅವಳ ಅಪ್ಪ ಮರದ ಮಿಲ್ಲಿನಿಂದ ಇನ್ನೂ ಬಂದಿರಲಿಲ್ಲ. ಟೀನೆ ಅಂಗಳದಲ್ಲಿ ಕಾರಿನಿಂದ ಸಾಮಾನು ಇಳಿಸುತ್ತಿದ್ದ. ಹೇಳಬೇಕಾದವಳು ನಾನು, ಈಗಲೇ ಹೇಳಬೇಕು ಎಂದುಕೊಳ್ಳುತ್ತಲೇ ತೊಟ್ಟಿಯಲ್ಲಿ ಉಣ್ಣೆಯ ಸಾಕ್ಸ್ ಒಗೆಯಲು ನಿಂತೆ. ಹಿಂಡಿದ್ದನ್ನೇ ಮತ್ತೆ ಹಿಂಡಿದೆ.

ಬ್ರಿನಾ ಎದ್ದು ಹೊರಗೆ ಹೋದಳು. ತಿರುಗಿ ಬಂದಾಗ ಒಂದು ಕೈಯಲ್ಲಿ ಕೊಟ್ಟಿಗೆಯ ಹಸಿರು ಸ್ಕೀ, ಇನ್ನೊಂದು ಕೈಯಲ್ಲಿ ಅಗಲದ್ದು. ಟೀನೆಯ ಹಲ್ಲುಪಟ್ಟಿ ಕಂಕುಳಲ್ಲಿತ್ತು. ಒಲೆಯ ಮುಂದೆ ನೆಲದ ಮೇಲೆ ಎರಡನ್ನೂ ಮಲಗಿಸಿ ಮಂಡಿಯೂರಿ ಕುಳಿತಳು. ಹಲ್ಲುಪಟ್ಟಿಯನ್ನು ಹಸಿರಿನ ಮೇಲಿಟ್ಟು ಒತ್ತಿದಳು. ಟಕ್ ಎಂದು ಇಳಿದು ಎರಡೂ ಪಕ್ಕ ತಬ್ಬಿತು. ಬಿಡಿಸಿ ಅಗಲದ್ದರ ಮೇಲಿಟ್ಟಳು. ಅದು ಹಾಗೆಯೇ ನಿಂತಿತು. ಬೆರಳಿನಿಂದ ಅದರ ಹಲ್ಲೊಂದನ್ನು ಮುಟ್ಟಿದಳು.

ನನ್ನ ಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಅವಳು ತಲೆಯೆತ್ತಿದಳು. ಬೆಟ್ಟದ ಮೇಲೆ ತೆರೆದು ಮುಚ್ಚಿದ ಬಾಯಿ ಈಗ ಮುಚ್ಚಲಿಲ್ಲ.

"ಅಮ್ಮ, ನಾನು ಮೇಲೆ ಹೋಗ್ಬಾರ್ದು ಅಂತಲೇ ನೀನು ಇದನ್ನ ಆರಿಸಿದ್ಯಾ?"